ಮೈಕಕ್ಕ ಓದಿದ ಚೀಟಿಗಳು

ಹೆಂಡತಿಯನ್ನು ಮಲಗಿಸಿದ್ದ ಫ್ರೀಜರ್ ಪೆಟ್ಟಿಗೆಯ ಹಿಂದೆ ಮೊಣಕಾಲೂರಿ ಕುಳಿತು ಮೇಸ್ತ್ರಿ ಅದರ ಜಾಲರಿಯ ಸ್ಕ್ರೂ ಬಿಗಿಮಾಡುತ್ತಿದ್ದ. ಬೆಳಗಿನಿಂದ ಪೆಟ್ಟಿಗೆ ಸಣ್ಣಗೆ ಗಡಗಡ ಎನ್ನುತ್ತಿತ್ತು. ಬಂದುಹೋದ ಯಾರಿಗೂ ಅದು ಕೇಳಿಸಿರಲಿಲ್ಲ. ಬಸ್ ಡಿಪೊದಲ್ಲಿ ಎಂಜಿನ್ನಿನ ಸದ್ದು ಕೇಳಿಯೇ ಅದರ ರೋಗ ಹೇಳುತ್ತಿದ್ದವನಿಗೆ ಮಾತ್ರ ಕಿವಿಯಲ್ಲಿ ಯಾರೋ ಕಡ್ಡಿ ಆಡಿಸಿದಂತಾಗುತ್ತಿತ್ತು.

“ಬಿಡಯ್ಯ ಮೇಸ್ತ್ರಿ, ಬಾಡಿಗೆ ಪೆಟ್ಟಿಗೆ. ಇನ್ನು ಸ್ವಲ್ಪ ಹೊತ್ತಿಗೆ ವಾಪಸ್ ಹೋಗುತ್ತೆ,” ಎಂದ ಕಂಡಕ್ಟರ್. ನಿವೃತ್ತನಾಗಿ ಎಷ್ಟೋ ಕಾಲವಾಗಿದ್ದರೂ ಅವನು ಇವತ್ತಿಗೂ ಗೋಡೆಗೆ ಒರಗದೆ, ಓಡುವ ಬಸ್ಸಿನಲ್ಲಿ ನಿಂತವನಂತೆ ಕಾಲಗಲಿಸಿಯೇ ನಿಲ್ಲುತ್ತಿದ್ದ.

“ಅವಳಿಗೆ ಸದ್ದು ಆಗಲ್ಲ ಕಣಯ್ಯ,” ಎಂದು ಮೇಸ್ತ್ರಿ ಕೊನೆಯ ಸುತ್ತು ತಿರುಗಿಸಿದ. ಗಡಗಡ ನಿಂತಿತು.

ಒಳಗೆ ಮಲಗಿದ್ದವಳು ಬಸ್ ನಿಲ್ದಾಣದಲ್ಲಿ ಮೈಕಿನವಳಾಗಿದ್ದಳು. ಯಾವ ಬಸ್ಸು ಯಾವ ಅಂಕಣದಿಂದ ಹೊರಡುತ್ತದೆ, ಯಾವುದು ತಡ, ಯಾವುದು ರದ್ದು ಎಂಬುದನ್ನು ಒಂದೇ ಹದದ ದನಿಯಲ್ಲಿ ಹೇಳುತ್ತ ಕೆಲಸದ ಕಾಲವನ್ನೆಲ್ಲ ಕಳೆದವಳು. ಊರಿಗೆಲ್ಲ ಆಕೆ ಮೈಕಕ್ಕ. ಮೊನ್ನೆ ಬೆಳಿಗ್ಗೆ, ಕಾಫಿಯ ಲೋಟ ಕೈಯಲ್ಲಿರುವಾಗಲೇ, ಹೆಪ್ಪುಗಟ್ಟಿದ ರಕ್ತದ ತುಣುಕೊಂದು ಶ್ವಾಸಕೋಶಕ್ಕೆ ಹೋಗಿ ನಿಂತು ಉಸಿರು ಕಡಿಯಿತು.

“ನಾನು ಅವತ್ತೇ ಬಡಕೊಂಡೆ, ಸಾಕು ನಿಲ್ಲಿಸು ಈ ಪಥ್ಯ ಅಂತ,” ಕಂಡಕ್ಟರ್ ಯಾರಿಗೋ ಎಂಬಂತೆ ಹೇಳಿಕೊಂಡ. “ಈ ವಯಸ್ಸಲ್ಲಿ ತೂಕ ಇಳಿಸಿ ಯಾವ ಓಟಕ್ಕೆ ನಿಲ್ಲಬೇಕಿತ್ತು ಅವಳು? ಜೋರಾಗಿ ಗಾಳಿ ಬೀಸಿದರೆ ನಿನಗೆ ಟಿಕೆಟ್ಟೇ ಬೇಕಾಗಲ್ಲ ಕಣಕ್ಕ, ಹಾರಿಕೊಂಡೇ ಹೋಗ್ತೀಯ ಅಂತ ರೇಗಿಸ್ತಿದ್ದೆ. ನಗ್ತಿದ್ಲು.”

ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದ ಲೈಬ್ರರಿಯನ್ ತಲೆಯೆತ್ತಿದ. “ಪಥ್ಯವೇ? ಅವರು ಗಂಟಲಿನ ಔಷಧಿ ತೆಗೆದುಕೊಳ್ಳುತ್ತಿದ್ದರು. ಮೈಕಿನ ಮುಂದೆ ಕೂಗಿ ಕೂಗಿ ದನಿತಂತು ದಪ್ಪವಾಗಿದೆ, ಮಾತು ಕಡಿಮೆ ಮಾಡಬೇಕು ಅಂತ ಡಾಕ್ಟರು ಅಂದಿದ್ದರಂತೆ. ಅದಕ್ಕೇ ನಾನು ಹೋಗಿ ಗಟ್ಟಿಯಾಗಿ ಓದಿ ಹೇಳುತ್ತಿದ್ದದ್ದು. ಮೆಲುಕು ಹಾಕುವ ಹಸುವಿನಂತೆ ಕಣ್ಣು ಮುಚ್ಚಿ ಕೇಳುತ್ತಿದ್ದರು. ಯಾರಿಗೂ ಹೇಳಬೇಡಿ ಅಂದಿದ್ದರು, ಹೇಳಲಿಲ್ಲ.”

“ನನಗೂ ಹೇಳಬೇಡ ಅಂದಿದ್ಲು,” ಎಂದ ಕಂಡಕ್ಟರ್ ನಿಧಾನವಾಗಿ.

ಅಡುಗೆಮನೆಯಿಂದ ಟೀ ತಟ್ಟೆ ಹಿಡಿದು ಬಂದ ಮೈಕಕ್ಕನ ತಂಗಿ ಬಾಗಿಲಲ್ಲೇ ನಿಂತಳು. ಗಣಿತದ ಟೀಚರ್. ತಪ್ಪು ಉತ್ತರ ಕಿವಿಗೆ ಬಿದ್ದರೆ ತಿದ್ದದೆ ಮುಂದೆ ಹೋಗುವವಳಲ್ಲ. “ಇಬ್ಬರೂ ಏನು ಹೇಳ್ತಿದ್ದೀರಿ? ಅಕ್ಕನಿಗೆ ಇದ್ದದ್ದು ತಲೆಸುತ್ತು. ಒಳಗಿವಿಯ ದ್ರವದಲ್ಲಿ ಏರುಪೇರು. ದಿನಾ ಸಾಯಂಕಾಲ ಕೈ ಹಿಡಿದು ತಾರಸಿ ಮೇಲೆ ನಡೆಸ್ತಿದ್ದವಳು ನಾನು. ನನಗಿಂತ ನಿಮಗೆ ಚೆನ್ನಾಗಿ ಗೊತ್ತಾ?”

ಬೇರೆ ಮನೆಯಾಗಿದ್ದರೆ ಈ ಗೊಂದಲ ಬಿಡಿಸಲು ಬಹಳ ಹೊತ್ತು ಬೇಕಾಗುತ್ತಿತ್ತು. ಈ ಮೂವರಿಗೆ ಬೇಕಾಗಲಿಲ್ಲ. ಭಾನುವಾರದ ಸುಳ್ಳು-ನಿಜದ ಚೀಟಿ ಆಟದಲ್ಲಿ ಕೂದಲು ನರೆಸಿಕೊಂಡವರು ಅವರು.

“ಚೀಟಿ ಓದಿದ್ದಾರೆ,” ಎಂದ ಲೈಬ್ರರಿಯನ್. “ನಮಗೆಲ್ಲ ಒಂದೊಂದು ಓದಿದ್ದಾರೆ.”

ತಂಗಿ ತಟ್ಟೆಯನ್ನು ಮೇಜಿನ ಮೇಲಿಟ್ಟು ಮೇಸ್ತ್ರಿಯ ಕಡೆ ತಿರುಗಿದಳು. “ಭಾವ, ನಿಮಗೇನು ಓದಿದ್ಲು?”

ಮೇಸ್ತ್ರಿ ಸ್ಕ್ರೂಡ್ರೈವರ್ ಅನ್ನು ಜೇಬಿಗಿಳಿಸಿ ಎದ್ದು ನಿಂತ. “ಮೇದೋಜೀರಕದಲ್ಲಿ ಗಡ್ಡೆ. ಗೊತ್ತಾಗೋ ಹೊತ್ತಿಗೆ ಪಿತ್ತಜನಕಾಂಗಕ್ಕೂ ಹಬ್ಬಿತ್ತು. ಔಷಧಿ ಕೊಟ್ಟರೆ ಒಂದೆರಡು ತಿಂಗಳು ಜಾಸ್ತಿ ಸಿಗಬಹುದು, ಆದರೆ ಅವು ಹಾಸಿಗೆಯಲ್ಲೇ ಕಳೆದುಹೋಗುತ್ತವೆ ಅಂದರು ಡಾಕ್ಟರು. ಬೇಡ ಅಂದಳು. ರಕ್ತ ಹೆಪ್ಪುಗಟ್ಟಿದ್ದೂ ಅದರಿಂದಲೇ.”

“ಅಂದರೆ ನಿಮಗೆ ನಿಜ. ನಮ್ಮ ಕಿವಿಗೆ ಹೂವು.” ಅವಳ ದನಿ ಏರಲಿಲ್ಲ. “ಇವರಿಬ್ಬರು ಸ್ನೇಹಿತರು, ಬಿಡಿ. ನಾನು ಒಡಹುಟ್ಟಿದವಳು. ನೀವು ಹೋಗಿ ಮುಗಿಸಿಕೊಂಡು ಬನ್ನಿ ಭಾವ, ನಾನು ಬರೋದಿಲ್ಲ. ನನಗೆ ಗೊತ್ತಿದ್ದ ಅಕ್ಕನಿಗೆ ಇದ್ದದ್ದು ತಲೆಸುತ್ತು ಅಷ್ಟೆ. ಈ ಪೆಟ್ಟಿಗೆಯಲ್ಲಿ ಇರೋರು ಯಾರೋ ನನಗೆ ಗೊತ್ತಿಲ್ಲ.”

ಅವಳು ಮೆಟ್ಟಿಲು ಹತ್ತಿ ತಾರಸಿಗೆ ಹೋದ ಸದ್ದು ಕೇಳಿಸಿತು. ಬೀದಿಯಲ್ಲಿ ವ್ಯಾನು ಹಿಮ್ಮುಖವಾಗಿ ಬರುತ್ತಿತ್ತು.

*

ಆಟ ಹುಟ್ಟಿದ್ದು ಲೈಬ್ರರಿಯನ್ ತಂದುಕೊಟ್ಟ, ರಟ್ಟು ಕಿತ್ತುಹೋದ ಹಳಗನ್ನಡದ ನಿಘಂಟಿನಿಂದ. ಮೈಕಕ್ಕ ಅದರಿಂದ ಯಾರಿಗೂ ಗೊತ್ತಿಲ್ಲದ ಒಂದು ಪದ ಆರಿಸುತ್ತಿದ್ದಳು. ಉಳಿದವರು ಅದಕ್ಕೊಂದು ಸುಳ್ಳು ಅರ್ಥ ಹೊಸೆದು ಚೀಟಿಯಲ್ಲಿ ಬರೆದುಕೊಡಬೇಕು. ಆಕೆ ನಿಜದ ಅರ್ಥವನ್ನೂ ಒಂದು ಚೀಟಿಯಲ್ಲಿ ಬರೆದು, ಎಲ್ಲವನ್ನೂ ಕಲಸಿ, ಬಸ್ಸಿನ ವೇಳೆ ಹೇಳುವ ಅದೇ ದನಿಯಲ್ಲಿ ಓದುತ್ತಿದ್ದಳು. ನಿಜ ಯಾವುದೆಂದು ಉಳಿದವರು ಊಹಿಸಬೇಕು.

“ತುಳಿಲ್,” ಎಂದು ಓದಿದ್ದಳು ಒಂದು ಭಾನುವಾರ. “ಒಂದು: ಹೊಸ ಚಪ್ಪಲಿ ಕಚ್ಚಿದವನ ನಡಿಗೆ. ಎರಡು: ಬಂಡಿಯ ಅಚ್ಚಿಗೆ ಸವರುವ ಎಣ್ಣೆ. ಮೂರು: ನಮಸ್ಕಾರ. ನಾಲ್ಕು: ಎರಡು ಹೊಲಗಳ ಗಡಿಗಳು ಕೂಡುವ ಮೂಲೆ. ಐದು: ಓಲೆಗರಿಯ ಹರಿದ ಅಂಚು.”

“ಎಣ್ಣೆ ಅಂತೂ ಮೇಸ್ತ್ರಿದೇ,” ಎಂದಿದ್ದ ಕಂಡಕ್ಟರ್. “ಅವನ ಚೀಟಿ ಮೂಸಿದರೇ ಗ್ರೀಸಿನ ವಾಸನೆ.”

“ನಿನ್ನ ಕಾಲಿನ ಚಪ್ಪಲಿ ಬಹಳ ಘಮಘಮ,” ಎಂದಿದ್ದಳು ತಂಗಿ. ಹಾಗೆಂದವಳೇ ಚಪ್ಪಲಿಗೆ ಮತ ಹಾಕಿ ಸೋತಿದ್ದಳು; ನಿಜದ ಅರ್ಥ ನಮಸ್ಕಾರ. ಆವತ್ತು ಅವಳ ಚಪ್ಪಲಿ ಹೊಸದಾಗಿತ್ತು.

ಮೈಕಕ್ಕನ ಸಿದ್ಧಾಂತ ಅದೇ. “ಸುಳ್ಳು ಚೆನ್ನಾಗಿದ್ದರೆ ಸಾಲದು. ಕೇಳೋರಿಗೆ ಅದು ನಿಜ ಆಗಿರಲಿ ಅನ್ನಿಸಬೇಕು. ಅವರವರ ಅಳತೆಗೆ ಹೊಲೀಬೇಕು.”

ಆಕೆಯ ದನಿಯಿಂದ ಯಾರೂ ನಿಜವನ್ನು ಹಿಡಿದದ್ದಿಲ್ಲ, ಮೇಸ್ತ್ರಿಯೊಬ್ಬನನ್ನು ಬಿಟ್ಟು. ಅವನು ದನಿ ಕೇಳುತ್ತಲೇ ಇರಲಿಲ್ಲ. ಸುಳ್ಳು ಚೀಟಿ ಓದುವ ಮೊದಲು ಆಕೆ ಚೂರೇ ಚೂರು ಉಸಿರು ಎಳೆದುಕೊಳ್ಳುತ್ತಿದ್ದಳು, ನಿಜದ್ದಕ್ಕೆ ಎಳೆದುಕೊಳ್ಳುತ್ತಿರಲಿಲ್ಲ. ಆ ಗುಟ್ಟನ್ನು ಅವನು ಮದುವೆಯ ಹೊಸತರಲ್ಲೇ ಕಂಡುಕೊಂಡು ಆಕೆಗೂ ಹೇಳದೆ ಉಳಿಸಿಕೊಂಡಿದ್ದ.

*

ಆಸ್ಪತ್ರೆಯ ಹೊರಗೆ, ನೆರಳಿದ್ದ ಕಲ್ಲುಬೆಂಚಿನ ಮೇಲೆ ಕುಳಿತು ಆಕೆ ಸ್ಕ್ಯಾನಿನ ಲಕೋಟೆಯನ್ನು ತೊಡೆಯ ಕೆಳಗಿಟ್ಟುಕೊಂಡಿದ್ದಳು. ಡಾಕ್ಟರ ಕೋಣೆಗೆ ಒಬ್ಬಳೇ ಹೋಗುತ್ತೇನೆಂದು ಹಟ ಹಿಡಿದು ಹೋಗಿಬಂದಿದ್ದಳು.

“ರೀ, ಓದ್ತೀನಿ. ಒಂದು: ದನಿತಂತು ದಪ್ಪವಾಗಿದೆ. ಎರಡು: ಒಳಗಿವಿಯ ತೊಂದರೆ, ತಲೆಸುತ್ತು. ಮೂರು: ಮೇದೋಜೀರಕದಲ್ಲಿ ಗಡ್ಡೆ, ಬಹಳ ಮುಂದೆ ಹೋಗಿದೆ. ನಾಲ್ಕು: ಏನೂ ಇಲ್ಲ, ಸ್ವಲ್ಪ ತೂಕ ಇಳಿಸಬೇಕು.”

ಮೂರನೆಯದಕ್ಕೆ ಉಸಿರಿನ ಸದ್ದು ಇರಲಿಲ್ಲ.

“ಮೂರು,” ಎಂದ ಮೇಸ್ತ್ರಿ.

“ನಿಮ್ಮನ್ನು ಸೋಲಿಸೋಕೆ ಈ ಜನ್ಮದಲ್ಲಿ ಆಗಲ್ಲ ಅಂತ ಕಾಣುತ್ತೆ,” ಎಂದು ಆಕೆ ಅವನ ತೋಳಿಗೆ ತಲೆಯಾನಿಸಿದಳು. ಆಮೇಲೆ, ಅತ್ತದ್ದೆಲ್ಲ ಮುಗಿದ ಮೇಲೆ, ಮೂಗು ಒರೆಸಿಕೊಂಡು, ಉಳಿದ ಚೀಟಿಗಳು ಯಾವುವು ಯಾರಿಗೆ ಎಂದು ಅಲ್ಲಿಯೇ ಕುಳಿತು ಹಂಚಿದಳು. ಕಂಡಕ್ಟರನಿಗೆ ರೇಗಿಸುವುದಕ್ಕೊಂದು ನೆಪ ಬೇಕು. ಲೈಬ್ರರಿಯನ್‌ಗೆ ನಾಲ್ಕು ಮಾತು ಗಟ್ಟಿಯಾಗಿ ಆಡುವುದಕ್ಕೊಂದು ಕಾರಣ ಬೇಕು.

“ತಂಗಿಗಾದರೂ ನಿಜ ಹೇಳೇ,” ಎಂದಿದ್ದ ಮೇಸ್ತ್ರಿ.

“ಅವಳಿಗೆ ತಲೆಸುತ್ತು,” ಎಂದಿದ್ದಳು ಆಕೆ. ಆ ಮಾತಿನಲ್ಲಿ ಅಳೆದು ಸುರಿದು ನೋಡಿದ ನಿರ್ಧಾರವಿತ್ತು. ಏಕೆಂದು ಅವನು ಕೇಳಿದ, ಆಕೆ ಹೇಳಿದಳು.

*

ತಾರಸಿಯ ಮೇಲೆ ತಂಗಿ ನೀರಿನ ಟ್ಯಾಂಕಿನ ಪಕ್ಕ ನಿಂತಿದ್ದಳು. ಮೇಸ್ತ್ರಿ ಹತ್ತಿರ ಹೋಗಲಿಲ್ಲ. ಹತ್ತಿರ ಹೋದರೆ ಅವಳು ಸರಿಯುತ್ತಾಳೆಂದು ಅವನಿಗೆ ಗೊತ್ತಿತ್ತು. ಚಿಕ್ಕಂದಿನಿಂದಲೂ ಅವಳು ಹಾಗೆ. ಮನೆಯಲ್ಲಿ ಅವಳ ಅಡ್ಡಹೆಸರೇ ‘ಮುಟ್ಟಿದರೆ ಮುನಿ’. ತಲೆ ಬಾಚಲು ಬಿಟ್ಟವಳಲ್ಲ. ತಾಯಿ ತೀರಿಕೊಂಡ ದಿನವೂ ಅಕ್ಕ ಹೆಗಲ ಮೇಲೆ ಕೈಯಿಡಲು ಬಂದಾಗ ಎರಡು ಹೆಜ್ಜೆ ಹಿಂದೆ ಸರಿದು ನಿಂತಿದ್ದಳು.

“ವ್ಯಾನು ಬಂತು ಕಣಮ್ಮ.”

“ಹೋಗಿ ಅಂದೆನಲ್ಲ ಭಾವ.”

“ಹೋಗ್ತೀನಿ. ಒಂದು ಕೇಳಿ ಹೋಗ್ತೀನಿ. ನೀನು ದಿನಾ ನಡೆಸ್ತಿದ್ದೆಯಲ್ಲ, ಅವಳು ಒಂದು ಸಲವಾದರೂ ಎಡವಿದಳಾ? ವಾಲಿದಳಾ?”

ಅವಳು ಯೋಚಿಸಿದಳು. ಲೆಕ್ಕ ಕೊಟ್ಟರೆ ಮಾಡದೆ ಬಿಡುವ ಸ್ವಭಾವವಲ್ಲ. “ಇಲ್ಲ. ನಾನು ಗಟ್ಟಿಯಾಗಿ ಹಿಡಿದಿದ್ದೆ.”

“ನೀನು ಬರೋ ಮೊದಲು ಈ ಕಟ್ಟೆ ಮೇಲೆ ಹತ್ತಿ ಬಟ್ಟೆ ಒಣಗಿಸ್ತಿದ್ದಳು. ಸುತ್ತೂ ಇಲ್ಲ, ಮುತ್ತೂ ಇಲ್ಲ.”

“ಮತ್ತೆ ಯಾಕೆ...” ಎಂದವಳು ನಿಲ್ಲಿಸಿದಳು. ಕೆಳಗೆ ವ್ಯಾನಿನ ಹಿಂಬಾಗಿಲು ತೆರೆದ ಸದ್ದಾಯಿತು.

ಕೊನೆಗೆ ಹೇಳಿದಳು, “ಕೈ ಹಿಡ್ಕೊ ಅಂತ ಕೇಳಿದ್ದರೆ ಹಿಡ್ಕೊಳ್ತಿದ್ದೆ.”

“ಹಿಡ್ಕೊಳ್ತಿದ್ದೆಯಾ?”

ತಂಗಿ ಟ್ಯಾಂಕಿನ ಮೇಲಿನ ಪಾಚಿಯನ್ನು ಉಗುರಿನಿಂದ ಕೆರೆದಳು. “ಇಲ್ಲ,” ಎಂದಳು. ಆಮೇಲೆ, “ಆದರೆ ಕಾಯಿಲೆ ಅಂತ ಗೊತ್ತಿದ್ದರೆ ಖಂಡಿತ ಹಿಡ್ಕೊಳ್ತಿದ್ದೆ ಭಾವ. ನಾನೇನು ಕಲ್ಲಲ್ಲ.”

“ಅದನ್ನೇ ಅವಳೂ ಅಂದದ್ದು. ಗೊತ್ತಾದರೆ ಬಂದು ಕೂತ್ಕೊಳ್ತಾಳೆ, ಮಂಚದ ಪಕ್ಕ, ಕೈ ಹಿಡ್ಕೊಂಡು, ಅಳು ನುಂಗಿಕೊಂಡು. ರೋಗಿ ಕೈ ಹಿಡ್ಕೊಂಡ ಹಾಗಿರುತ್ತೆ. ನನಗೆ ಅದು ಬೇಡ. ಅವಳು ನನ್ನ ಜೊತೆ ಜಗಳ ಆಡ್ತಾ, ಸ್ಕೂಲಿನ ಹೆಡ್‌ಮಿಸ್ಸನ್ನು ಬೈಕೊಳ್ತಾ, ತೋಳಲ್ಲಿ ತೋಳು ಹಾಕ್ಕೊಂಡು ನಡೀಬೇಕು ಅಂದಳು.” ಮೇಸ್ತ್ರಿ ಬಟ್ಟೆಯ ಹಗ್ಗದಿಂದ ಒಂದು ಕ್ಲಿಪ್ಪು ತೆಗೆದು ಜೇಬಿಗಿಳಿಸಿದ. “ರಾತ್ರಿ ಊಟಕ್ಕೆ ಕೂತಾಗ ಹೇಳೋಳು, ಇವತ್ತು ಹೆಡ್‌ಮಿಸ್ಸಿಗೆ ಚೆನ್ನಾಗಿ ಬಿತ್ತು ರೀ, ಎಂಟು ಸುತ್ತು ನಡೆದರೂ ಮುಗೀಲಿಲ್ಲ ಅಂತ.”

ತಂಗಿಯ ಬಾಯಿಂದ ನಗುವಿನಂಥದ್ದೇನೋ ಹೊರಬಂತು, ಅರ್ಧಕ್ಕೇ ಅಳುವಾಯಿತು. ಅವಳು ಸೆರಗಿನಿಂದ ಮುಖ ಒತ್ತಿಕೊಂಡಳು. ಮೇಸ್ತ್ರಿ ನಿಂತಲ್ಲೇ ನಿಂತಿದ್ದ. ಎಂಜಿನ್ನು ತಾನಾಗಿ ಹದಕ್ಕೆ ಬರುವಾಗ ಕೈಹಾಕಬಾರದೆಂಬುದು ಅವನ ವೃತ್ತಿಯ ಪಾಠ.

“ಆದರೂ ತಪ್ಪು ಭಾವ,” ಎಂದಳು ಸೆರಗಿನ ಒಳಗಿಂದ. “ನನಗೆ ತಿಳಿಯೋ ಹಕ್ಕಿತ್ತು. ಅವಳಿಗೆ ಬೇಕಾದದ್ದು ಅವಳಿಗೆ ಸಿಕ್ಕಿತು. ನನಗೆ ಬೀಳ್ಕೊಡೋಕೆ ಸಿಗಲಿಲ್ಲ.”

“ಹಕ್ಕಿತ್ತು. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಅವಳ ಹತ್ತಿರಾನೂ ಇರಲಿಲ್ಲ, ನಾನು ಕೇಳಿದ್ದೆ. ಬೈಯಲಿ ಬಿಡಿ ಅಂದಳು. ಬೀಳ್ಕೊಡೋಕೆ ಇವತ್ತಿನ್ನೂ ಮುಗಿದಿಲ್ಲ. ಬಾ.”

ಅವನು ತಿರುಗಿ ಮೆಟ್ಟಿಲಿಳಿದ. ಬರುತ್ತಾಳೋ ಇಲ್ಲವೋ ಎಂದು ಹಿಂದಿರುಗಿ ನೋಡಲಿಲ್ಲ. ನೋಡುವ ಅಗತ್ಯವಿರಲಿಲ್ಲ. ಮೂರನೆಯ ಮೆಟ್ಟಿಲು ತಲುಪುವಷ್ಟರಲ್ಲಿ ಹಿಂದೆ ಅವಳ ಚಪ್ಪಲಿಯ ಸದ್ದು ಕೇಳಿಸಿತು.

*

ವಿದ್ಯುತ್ ಚಿತಾಗಾರದ ಕಚೇರಿಯ ಕಿಟಕಿಯಲ್ಲಿ ಗುಮಾಸ್ತ ಕನ್ನಡಕವನ್ನು ಹಣೆಗೇರಿಸಿ ಕೇಳಿದ, “ಏನಾಗಿತ್ತು ಸಾರ್ ಅವರಿಗೆ?”

ಕಂಡಕ್ಟರ್ ನೆಲ ನೋಡಿದ. ಮೇಸ್ತ್ರಿ ಹೇಳಲು ಮುಂದಾಗುವಷ್ಟರಲ್ಲಿ ತಂಗಿ ಕಿಟಕಿಗೆ ಬಂದಳು.

“ಮೇದೋಜೀರಕದ ಕ್ಯಾನ್ಸರ್,” ಎಂದಳು. ಪದದ ನಡುವೆ ದನಿ ಒಡೆಯಿತು. ಅವಳು ಅದನ್ನು ಲೆಕ್ಕದ ತಪ್ಪು ಹಂತದಂತೆ ಅಳಿಸಿ ಮೊದಲಿನಿಂದ ಮತ್ತೆ ಹೇಳಿದಳು. “ಮೇದೋಜೀರಕದ ಕ್ಯಾನ್ಸರ್. ಬರೆದುಕೊಳ್ಳಿ.”

“ತಾವು?”

“ತಂಗಿ.”

ಒಳಗಿನ ಹಾಲ್ ತಂಪಾಗಿತ್ತು. ಕೆಲಸದವನು ಹಳಿಯ ಮೇಲಿನ ಗಾಡಿಯನ್ನು ಸರಿಮಾಡಿ, “ಹತ್ತಿರದ ಸಂಬಂಧದೋರು ಯಾರಾದರೂ ಬಂದು ನಿಲ್ಲಿ,” ಎಂದ. ಕಂಡಕ್ಟರ್ ಮೇಸ್ತ್ರಿಯ ಬೆನ್ನು ಮುಟ್ಟಿದ. ಮೇಸ್ತ್ರಿ ಗಾಡಿಯ ಒಂದು ಬದಿಗೆ ಹೋಗಿ ನಿಂತ. ತಂಗಿ ಇನ್ನೊಂದು ಬದಿಗೆ ಬಂದಳು.

ಗಾಡಿ ಚಲಿಸತೊಡಗಿತು. ಚಕ್ರಕ್ಕೆ ಎಣ್ಣೆ ಹಾಕಿದ್ದರು, ಸದ್ದಿರಲಿಲ್ಲ. ತಂಗಿ ಅದರ ಜೊತೆಯಲ್ಲೇ ನಡೆದಳು, ನಿಧಾನವಾಗಿ, ಮಾತಾಡುತ್ತ ನಡೆಯುವವರ ಹೆಜ್ಜೆಯಲ್ಲಿ. ಹಳದಿ ಗೆರೆಯ ಹತ್ತಿರ ಕೆಲಸದವನು ಕೈಯಡ್ಡ ಹಿಡಿದ. ಅವಳು ನಿಂತಳು. ಬಾಗಿಲು ಮೇಲೇರಿ, ಗಾಡಿ ಒಳಗೆ ಹೋಗಿ, ಬಾಗಿಲು ಮತ್ತೆ ಇಳಿಯಿತು.

ಮೇಸ್ತ್ರಿ ಆಚೆ ಬದಿಯಿಂದ ನೋಡಿದ. ಅವಳ ಎಡಗೈ ಮೊಣಕೈಯಲ್ಲಿ ಮಡಚಿತ್ತು. ಮೈಯಿಂದ ತುಸು ದೂರಕ್ಕೆ, ಇನ್ನೊಂದು ತೋಳು ತೂರಿಕೊಳ್ಳುವಷ್ಟು ಜಾಗ ಬಿಟ್ಟು, ಹಾಗೆಯೇ ನಿಂತಿತ್ತು.