ಇಪ್ಪತ್ತೆರಡು ಮೆಟ್ಟಿಲು

ಸದ್ದಿಗೆ ಸಮವಸ್ತ್ರ ಇಲ್ಲ ಎಂದು ಮೊದಲು ಕಂಡುಹಿಡಿದವರು ನಮ್ಮ ಡೈರೆಕ್ಟರು.

ಯುದ್ಧ ಸೋತು ಎರಡು ವರ್ಷವಾಗಿತ್ತು. ಸಿನಿಮಾ ತೆಗೆಯಲು ಗೆದ್ದವರ ಅಪ್ಪಣೆ ಬೇಕಾಗಿತ್ತು. ಅವರ ಅಧಿಕಾರಿಯೊಬ್ಬ ವಾರಕ್ಕೊಮ್ಮೆ ಸ್ಟುಡಿಯೋಕ್ಕೆ ಬಂದು, ಕಾಲ ಮೇಲೆ ಕಾಲು ಹಾಕಿಕೊಂಡು ಕೂತು, ತೆಗೆದಷ್ಟನ್ನೂ ನೋಡುತ್ತಿದ್ದ. ಬಾವುಟ ಕಾಣಬಾರದು, ಬಂದೂಕು ಕಾಣಬಾರದು, ನಮ್ಮ ಸೈನಿಕರ ಅಂಗಿಯ ಒಂದು ಗುಂಡಿಯೂ ಕಾಣಬಾರದು. ನಮ್ಮ ಕಥೆಯೋ, ಯುದ್ಧದಿಂದ ಮಗ ಮನೆಗೆ ಬರುವುದು. ಬಟ್ಟೆ ಕಾಣದ ಹಾಗೆ ಸೈನಿಕ ಬರುವುದು ಹೇಗೆ ಸ್ವಾಮಿ, ಚಡ್ಡಿಯಲ್ಲೇ? ಹಾಗೆಂದು ನಾನು ಗಟ್ಟಿಯಾಗಿಯೇ ಕೇಳಿದೆ. ಪುಣ್ಯಕ್ಕೆ ಆ ಅಧಿಕಾರಿಗೆ ನಮ್ಮ ಭಾಷೆ ಬರುತ್ತಿರಲಿಲ್ಲ.

ಕೊನೆಯ ದೃಶ್ಯಕ್ಕೆ ಕತ್ತರಿ ಬಿತ್ತು. ಉಳಿದದ್ದು ಇಷ್ಟೇ: ಗೋಡೆ ಬಿರುಕು ಬಿಟ್ಟ ಅಡುಗೆಮನೆಯಲ್ಲಿ ಮುದುಕಿ ತಾಯಿ ಕೂತಿದ್ದಾಳೆ, ಎದುರಿಗೆ ಮುಚ್ಚಿದ ಬಾಗಿಲು. ಆ ಬಿರುಕಿಗೆ ನಾವೇನೂ ಸೆಟ್ಟು ಹಾಕಿರಲಿಲ್ಲ, ಊರಿನಲ್ಲಿ ಯಾವ ಮನೆಗೆ ಹೋದರೂ ಸಿಗುತ್ತಿತ್ತು. ಡೈರೆಕ್ಟರು ಎರಡು ದಿನ ಮುಖ ಊದಿಸಿಕೊಂಡು ತಿರುಗಿ, ಮೂರನೆಯ ದಿನ ನನ್ನ ಹತ್ತಿರ ಬಂದರು.

"ಕಾಣಬಾರದು ಅಂದಿದಾನೆ. ಕೇಳಬಾರದು ಅಂದಿಲ್ಲ. ನೀನು ಆ ಮಗನನ್ನ ಮೆಟ್ಟಿಲು ಹತ್ತಿಸಮ್ಮ. ಬಾಗಿಲು ತೆಗೆಯೋಕೆ ಮುಂಚೆ ಸಿನಿಮಾ ಮುಗಿಸಿಬಿಡೋಣ."

ನನ್ನ ಕೆಲಸವೇ ಅದು. ಪರದೆಯ ಮೇಲೆ ಕಾಣುವುದಕ್ಕೆಲ್ಲ ನಾನು ಸದ್ದು ಕೊಡುತ್ತೇನೆ. ಹಕ್ಕಿ ಹಾರಿದರೆ ಚರ್ಮದ ಕೈಗವಸು ಬಡಿಯುತ್ತೇನೆ, ಬೆಂಕಿ ಉರಿದರೆ ಕಾಗದ ಮುದುರುತ್ತೇನೆ. ನಾಯಕಿ ಓಡಿದರೆ ಓಡುವವಳು ನಾನು, ಬೆವರುವವಳೂ ನಾನು. ಹೆಸರು ಮಾತ್ರ ಅವಳದು. ಸ್ಟುಡಿಯೋದಲ್ಲಿ ನನ್ನ ಸದ್ದಿನ ಕೋಣೆ ಹಿಂದೊಮ್ಮೆ ಕುದುರೆ ಲಾಯವಾಗಿತ್ತು. ಅಲ್ಲೊಂದು ಮರದ ಮೆಟ್ಟಿಲಿತ್ತು, ಎಲ್ಲಿಗೂ ಹೋಗದ ಮೆಟ್ಟಿಲು. ಹತ್ತಿದರೆ ಗೋಡೆಗೆ ಮೂಗು ತಾಗುತ್ತಿತ್ತು.

ಸೈನಿಕನ ಹೆಜ್ಜೆಗೆ ಬೂಟು ಬೇಕಲ್ಲ. ಸ್ಟುಡಿಯೋದ ಪೆಟ್ಟಿಗೆಯಲ್ಲಿದ್ದವೆಲ್ಲ ನಾಟಕದ ಬೂಟುಗಳು, ಹಗುರ. ನಾನು ಮನೆಗೆ ಹೋಗಿ, ಬಾಗಿಲ ಪಕ್ಕದಲ್ಲಿ ಎರಡೂವರೆ ವರ್ಷದಿಂದ ಕೂತಿದ್ದ ನನ್ನ ಗಂಡನ ದಪ್ಪ ತಳದ ಹಳೆಯ ಜೋಡನ್ನು ಚೀಲಕ್ಕೆ ಹಾಕಿಕೊಂಡು ಬಂದೆ. ಅತ್ತೆ ಮಲಗಿದ್ದರು. ಎದ್ದಿದ್ದರೆ ಬಿಡುತ್ತಿರಲಿಲ್ಲ.

ನನ್ನ ಗಂಡ ಅಂಚೆಯವರು. ಚಿಕ್ಕಂದಿನಲ್ಲಿ ಮರದಿಂದ ಬಿದ್ದು ಎಡಪಾದದ ಕೀಲು ಸರಿಯಾಗಿ ಕೂಡಿರಲಿಲ್ಲ. ಎಡಗಾಲು ಊರಿದರೆ ಒಂದಿಷ್ಟು ಎಳೆಯುತ್ತಿತ್ತು. ಯಾವ ಜೋಡು ಕೊಂಡರೂ ಆರು ತಿಂಗಳಲ್ಲಿ ಎಡಗಾಲಿನ ಹಿಮ್ಮಡಿ ಹೊರಮಗ್ಗುಲಿಗೆ ಸವೆದು ಓರೆಯಾಗುತ್ತಿತ್ತು. ಅಂಥ ಕಾಲಿನವರನ್ನು ಯುದ್ಧಕ್ಕೆ ಕರೆಯಬಾರದು. ಆದರೆ ಕೊನೆಕೊನೆಗೆ ಸೋಲುತ್ತಿರುವ ಸರ್ಕಾರಕ್ಕೆ ಕಾಲು ನೋಡುವ ಪುರುಸೊತ್ತು ಎಲ್ಲಿತ್ತು? ಕೈ ಎರಡಿವೆಯಾ, ಬಾ ಅಂದರು.

ಹೋದ ದಿನದ ಕಥೆ ಇನ್ನೊಂದು. ಹಿಂದಿನ ದಿನ ಸೈನ್ಯದವರು ಕೊಟ್ಟಿದ್ದ ಹೊಸ ಬೂಟನ್ನು ಅವರು ಬೆಳಗಿನ ಜಾವ ಕೈಯಲ್ಲಿ ಹಿಡಿದುಕೊಂಡು, ಬರಿಗಾಲಲ್ಲಿ ಮೆಟ್ಟಿಲಿಳಿದು ಹೋಗಿದ್ದರು. ತಾಯಿ ಎದ್ದರೆ ಅಳುತ್ತಾರೆ ಎಂದು. ನಾನು ಎದ್ದಾಗ ಹಾಸಿಗೆ ಖಾಲಿ. ನಮ್ಮದು ಮೇಲಿನ ಮನೆ, ಬೀದಿಗೆ ಇಪ್ಪತ್ತೆರಡು ಮೆಟ್ಟಿಲು. ಯಾರು ಹತ್ತಿದರೂ ಇಳಿದರೂ ಅತ್ತೆಗೆ ಕೂತಲ್ಲೇ ಗೊತ್ತಾಗುತ್ತದೆ. ಅದೇ ಅವರ ವಾದ. "ಅವನು ಇಳಿದದ್ದು ನಾನು ಕೇಳೇ ಇಲ್ಲವಲ್ಲೇ. ಇಳೀದೆ ಇದ್ದೋನು ಹೋದ ಅಂತ ಹೆಂಗೆ ಹೇಳ್ತೀಯ?" ಅಂದಿನಿಂದ ಬಾಗಿಲಿಗೆ ಚಿಲಕ ಹಾಕಲು ಬಿಟ್ಟಿರಲಿಲ್ಲ. ರಾತ್ರಿಯೆಲ್ಲ ಗಾಳಿಗೆ ಬಾಗಿಲು ಕಿರುಗುಟ್ಟುತ್ತಿತ್ತು. ಅದಕ್ಕೂ ಎಣ್ಣೆ ಬಿಟ್ಟು ಬಿಟ್ಟು ಸದ್ದಡಗಿಸಿದರು, ಮಗ ಹತ್ತುವ ಸದ್ದು ಅದರಲ್ಲಿ ಮುಳುಗಿಹೋಗಬಾರದಂತೆ.

ನನಗೋ, ಎರಡರಲ್ಲಿ ಒಂದು ಬೇಕಾಗಿತ್ತು. ಬಂದರೂ ಸರಿ, ಹೋದರೂ ಸರಿ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಸಾಕಾಗಿಹೋಗಿತ್ತು. ಹೀಗೆ ಹೇಳಿದರೆ ಕಲ್ಲುಮನಸ್ಸಿನವಳು ಅನ್ನುತ್ತೀರಿ. ಅನ್ನಿ.

ಜೋಡಿನೊಳಗೆ ಬಟ್ಟೆ ತುರುಕಿ, ಕಾಲು ತೂರಿಸಿ ಮೆಟ್ಟಿಲ ಬುಡದಲ್ಲಿ ನಿಂತೆ. ನಮ್ಮ ಕೆಲಸದ ಒಂದು ಗುಟ್ಟಿದೆ. ಸವೆದ ಜೋಡು, ಹಾಕಿಕೊಂಡವರನ್ನು ತನ್ನ ಯಜಮಾನನ ಹಾಗೇ ನಡೆಸುತ್ತದೆ. ಹಿಮ್ಮಡಿ ಓರೆಯಾಗಿದ್ದರೆ ನಿಮ್ಮ ಕಾಲೂ ಓರೆಯಾಗಲೇಬೇಕು. ಎರಡನೆಯ ಮೆಟ್ಟಿಲಿಗೇ ನನ್ನ ಎಡಗಾಲು ತಾನಾಗಿ ಹೊರಳಿತು. ಟಕ್, ಸರಕ್. ಟಕ್, ಸರಕ್. ಅವರು ಸಂಜೆ ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು ಹತ್ತಿ ಬರುತ್ತಿದ್ದ ಸದ್ದು ನನ್ನ ಕಾಲಡಿಯಿಂದ ಬರುತ್ತಿತ್ತು. ನಿಲ್ಲಿಸಬೇಕೆನಿಸಿತು, ಆದರೆ ಕಾಲು ನಿಲ್ಲಲಿಲ್ಲ. ಲಾಯದ ಮೆಟ್ಟಿಲು ಹನ್ನೊಂದೇ. ಇಳಿದು ಬಂದು ಇನ್ನೊಮ್ಮೆ ಹತ್ತಿ ಇಪ್ಪತ್ತೆರಡು ಮಾಡಿದೆ.

ಸೌಂಡ್ ನೋಡುವವರನ್ನು ನಾವು ಕಿವಿಯಣ್ಣ ಅನ್ನುತ್ತಿದ್ದೆವು. ಎರಡು ಸಲ ಹತ್ತಿದ್ದನ್ನು ಜೋಡಿಸಿ, ಕೇಳಿ ನೋಡಿ, ಕಿವಿಯಿಂದ ಹೆಡ್‌ಫೋನು ತೆಗೆದು ಕೆಳಗಿಟ್ಟರು.

"ಇದು ನಿನ್ನ ತೂಕ ಅಲ್ಲ ಕಣಮ್ಮ," ಅಂದರು. "ಹದಿನೈದು ವರ್ಷದಿಂದ ನಿನ್ನ ಹೆಜ್ಜೆ ಕೇಳ್ತಿದೀನಿ. ಇದು ಯಾರೋ ಗಂಡಸು."

"ಮೂರು ದಿನದಿಂದ ನೀವು ನಿದ್ದೆ ಮಾಡಿಲ್ಲ, ಹೋಗಿ ಮಲಕ್ಕೊಳ್ಳಿ," ಅಂದೆ. ಜೋಡು ಬಿಚ್ಚಿ ಮತ್ತೆ ಚೀಲಕ್ಕೆ ಹಾಕಿಕೊಂಡೆ.

ಅಧಿಕಾರಿ ಅದನ್ನು ಕೇಳಿದ, ಆಕಳಿಸಿದ, ಸಹಿ ಹಾಕಿದ.

ಸಿನಿಮಾ ತೆರೆ ಕಂಡ ಮೊದಲ ದಿನ ನಾನು ಗೋಡೆಗೆ ಒರಗಿ ನಿಂತು ನೋಡಿದೆ. ನಮ್ಮ ಊರಿನ ಟಾಕೀಸಿಗೆ ಅರ್ಧ ಮಾತ್ರ ಛಾವಣಿ, ಉಳಿದರ್ಧಕ್ಕೆ ಟಾರ್ಪಾಲು ಎಳೆದಿದ್ದರು. ತುಂಬಿದ ಹಾಲು, ಮುಕ್ಕಾಲುವಾಸಿ ಹೆಂಗಸರು. ಕೊನೆಯ ದೃಶ್ಯ ಬಂತು. ಪರದೆಯ ಮೇಲೆ ಮುಚ್ಚಿದ ಬಾಗಿಲು. ಟಕ್, ಸರಕ್. ಟಕ್, ಸರಕ್. ಆರನೆಯ ಮೆಟ್ಟಿಲಿನ ಹೊತ್ತಿಗೆ ಮುಂದಿನ ಸಾಲಿನ ಒಬ್ಬಾಕೆ ಹಿಂದಕ್ಕೆ ತಿರುಗಿದಳು. ಆಮೇಲೆ ಅವಳ ಪಕ್ಕದವಳು. ನೋಡನೋಡುತ್ತ ಇಡೀ ಹಾಲು ಪರದೆಗೆ ಬೆನ್ನು ಹಾಕಿ, ಟಾಕೀಸಿನ ಬಾಗಿಲನ್ನೇ ನೋಡುತ್ತ ಕೂತಿತ್ತು. ಇಪ್ಪತ್ತೆರಡನೆಯ ಮೆಟ್ಟಿಲು ಮುಗಿಯಿತು, ದೀಪ ಹತ್ತಿತು, ಯಾರೂ ಏಳಲಿಲ್ಲ. ನಾನು ನಿಂತದ್ದು ಆ ಬಾಗಿಲ ಪಕ್ಕದಲ್ಲಿ. ಅಷ್ಟೂ ಮುಖಗಳು ನನ್ನ ಕಡೆಗಿದ್ದವು. ಅಯ್ಯೋ, ಆ ಮುಖಗಳನ್ನು ನೋಡಲಾರದೆ ಓಡಿಬಂದೆ.

ಮಾರನೆಯ ದಿನದಿಂದ ಸ್ಟುಡಿಯೋದ ಗೇಟಿನಲ್ಲಿ ಹೆಂಗಸರು ನಿಲ್ಲತೊಡಗಿದರು. "ನಡೆದೋರು ಯಾರು? ನನ್ನ ಮಗಂದೇ ನಡಿಗೆ ಅದು." ಒಬ್ಬಳ ಮಗ ಕುಳ್ಳ, ಇನ್ನೊಬ್ಬಳ ತಮ್ಮ ಆರಡಿ. ಎಲ್ಲರಿಗೂ ಅದು ಅವರವರದೇ. ನಾನು ಹಿಂದಿನ ಬಾಗಿಲಿಂದ ಓಡಾಡಿದೆ.

ಅತ್ತೆಯಿಂದ ತಪ್ಪಿಸಿಕೊಳ್ಳುವುದು ಹೇಗೆ? ಅವರು ದಿನಾ ಮಧ್ಯಾಹ್ನದ ಆಟಕ್ಕೆ ಹೋಗಿ ಕಡೆಯ ಸಾಲಿನಲ್ಲಿ, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರತೊಡಗಿದರು. ನಾಲ್ಕನೆಯ ದಿನ ಬಂದವರೇ ನನ್ನ ಮೇಲೆ ಹರಿಹಾಯ್ದರು.

"ಅವನು ಸ್ಟುಡಿಯೋಗೆ ಬಂದಿದ್ದ. ನನ್ನಿಂದ ಮುಚ್ಚಿಟ್ಟೆ ನೀನು."

"ನಡೆದದ್ದು ನಾನು ಅತ್ತೆ. ಅವರ ಜೋಡು ಹಾಕ್ಕೊಂಡು."

"ಹೆತ್ತೋಳಿಗೆ ಹೇಳ್ತೀಯಾ? ಮೂವತ್ತು ವರ್ಷ ಕೇಳಿದೀನಿ ಆ ನಡಿಗೇನ. ಎಲ್ಲಿಟ್ಟಿದೀಯ ನನ್ನ ಮಗನ್ನ?"

ಅವರೆದುರಿಗೇ ಜೋಡು ಹಾಕಿಕೊಂಡು ತೋರಿಸುತ್ತೇನೆಂದೆ. ಕಿತ್ತುಕೊಂಡು ಮೊದಲಿದ್ದ ಜಾಗದಲ್ಲಿಟ್ಟರು. "ಅವನದ್ದು ಮುಟ್ಟಬೇಡ," ಅಂದರು. ಆಮೇಲೆ ಹನ್ನೆರಡು ದಿನ ಮನೆಯಲ್ಲಿ ಮಾತಿಲ್ಲ ಕಥೆಯಿಲ್ಲ. ಸಿಟ್ಟಿತ್ತು ನನಗೆ. ಅವರ ಮೇಲಲ್ಲ. ನನ್ನ ಮೇಲೆ, ಆ ಡೈರೆಕ್ಟರ ಮೇಲೆ.

ಹದಿಮೂರನೆಯ ದಿನ ಬೆಳಗ್ಗೆ, ಹತ್ತು ಗಂಟೆಯ ಬಿಸಿಲು ಅಡುಗೆಮನೆಗೆ ಬಿದ್ದಿತ್ತು. ನಾನು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದೆ, ಅತ್ತೆ ಬಟ್ಟೆ ಮಡಿಸುತ್ತಿದ್ದರು. ಕೆಳಗೆ ಬೀದಿಬಾಗಿಲು ತೆರೆದ ಸದ್ದಾಯಿತು. ಆಮೇಲೆ, ಟಕ್, ಸರಕ್. ಟಕ್, ಸರಕ್.

ನನ್ನ ಕೈಯಿಂದ ಚಾಕು ಜಾರಿತು. ತಪ್ಪು ತಿಳಿಯುವ ಹಾಗೇ ಇರಲಿಲ್ಲ. ಅದನ್ನು ನಾನು ಕಾಲಲ್ಲಿ ಕಲಿತಿದ್ದೆ. ಬಾಗಿಲ ಪಕ್ಕದಲ್ಲಿ ಜೋಡು ಇದ್ದಲ್ಲೇ ಇತ್ತು, ಎರಡೂ. ನಾನು ಇಲ್ಲಿ ಕೂತಿದ್ದೆ. ಹಾಗಾದರೆ ಹತ್ತುತ್ತಿರುವುದು ಯಾರು? ಅತ್ತೆ ಅಲುಗಾಡಲಿಲ್ಲ, ತುಟಿ ಮಾತ್ರ ಎಣಿಸುತ್ತಿತ್ತು. ಇಪ್ಪತ್ತು. ಇಪ್ಪತ್ತೊಂದು. ಇಪ್ಪತ್ತೆರಡು. ಎಣ್ಣೆ ಬಿಟ್ಟ ಬಾಗಿಲು ಸದ್ದಿಲ್ಲದೆ ತೆರೆಯಿತು.

ಒಬ್ಬ ಅಪರಿಚಿತ. ಮೂವತ್ತರ ಆಸುಪಾಸು, ಕೆನ್ನೆ ಒಳಗೆ ಹೋಗಿತ್ತು, ಟೋಪಿ ಕೈಯಲ್ಲಿ. ನಮ್ಮಿಬ್ಬರನ್ನೂ ದಾಟಿ ಅವನ ಕಣ್ಣು ಒಳಕೋಣೆಯಲ್ಲಿ ಹುಡುಕುತ್ತಿತ್ತು.

"ಇಪ್ಪತ್ತೆರಡು ಮೆಟ್ಟಿಲಿನ ಮನೆ ಅಂತ ಹೇಳ್ತಿದ್ದ," ಅಂದ. "ಅಂಚೆಯವನ ಮನೆ ಯಾವುದು ಅಂತ ಕೇಳ್ಕೊಂಡು ಬಂದೆ. ಎಲ್ಲಿದಾನಕ್ಕ? ಸಿನಿಮಾ ನೋಡಿದೆ. ಕಣ್ಣು ಮುಚ್ಚಿದರೂ ಗೊತ್ತಾಗುತ್ತೆ ನಂಗೆ. ರೈಲುಹಳಿ ಪಕ್ಕ ಒಂಬತ್ತು ದಿನ ಅವನ ಹಿಂದೆ ನಡೆದೋನು ನಾನು. ಬದುಕಿದಾನಲ್ಲ? ಒಂದ್ಸಲ ಕರೀರಿ. ಅವನ ಬೂಟು ನನ್ನ ಹತ್ರ ಉಳಕೊಂಡಿದೆ."

ನಾನು ಅವನ ಕಾಲು ನೋಡಿದೆ. ಸೈನ್ಯದ ಬೂಟು. ಎಡಗಾಲಿನ ಹಿಮ್ಮಡಿ ಹೊರಮಗ್ಗುಲಿಗೆ ಸವೆದು ಓರೆಯಾಗಿತ್ತು. ಅವನು ನಿಂತದ್ದೂ ಹಾಗೇ, ನನ್ನ ಗಂಡ ನಿಲ್ಲುತ್ತಿದ್ದ ಹಾಗೆ, ಎಡಕ್ಕೆ ವಾಲಿ.

"ಅವರು ಇಲ್ಲಿಲ್ಲ," ಅಂದೆ. "ಸಿನಿಮಾದಲ್ಲಿ ನಡೆದದ್ದು ನಾನು. ಅಗೋ, ಆ ಜೋಡು ಹಾಕ್ಕೊಂಡು."

ಅವನು ಆ ಜೋಡನ್ನು ನೋಡಿದ. ಹಿಮ್ಮಡಿಯನ್ನು ನೋಡಿದ. ಕುರ್ಚಿಯಿದ್ದರೂ ನೆಲಕ್ಕೆ ಕುಸಿದು ಕೂತ.

ಬಿಡಿಸಿ ಕೇಳಬೇಕಾಗಲೇ ಇಲ್ಲ, ತಾನೇ ಹೇಳಿದ. ಹಿಂದೆ ಸರಿಯಿರಿ ಎಂದು ಹುಕುಂ ಬಂದ ಮೇಲೆ ಸಾವಿರಾರು ಜನ ಹಳಿಗುಂಟ ನಡೆದರು. ಒಂಬತ್ತನೆಯ ದಿನ ನನ್ನ ಗಂಡನಿಗೆ ಜ್ವರ. ಒಂದು ಸಿಗ್ನಲ್ ಕಂಬದ ಬುಡದಲ್ಲಿ ಕೂತುಬಿಟ್ಟರು, ನಾಳೆ ನಡೆಯುತ್ತೇನೆ ಅಂದರು. "ನನ್ನ ಬೂಟಿಗೆ ತಳ ಇರಲಿಲ್ಲಕ್ಕ. ಜಲ್ಲಿ ಮೇಲೆ ನಡೆದೂ ನಡೆದೂ ಕಾಲೆಲ್ಲ ರಕ್ತ. ಅವನು ಮಲಗಿದ್ದ. ಬಿಚ್ಚಿಕೊಂಡೆ." ಮರುದಿನ ಹಿಂದಿನಿಂದ ಬಂದ ತಂಡದವರು ಹೇಳಿದರಂತೆ, ಸಿಗ್ನಲ್ ಕಂಬಕ್ಕೆ ಒರಗಿ ಒಬ್ಬ ಕೂತ ಹಾಗೇ ಹೋಗಿದ್ದಾನೆ, ಬರಿಗಾಲು, ಆ ಚಳಿಯಲ್ಲಿ. "ಸಿನಿಮಾ ಕೇಳಿದ ಮೇಲೆ, ಅವರು ಹೇಳಿದ್ದು ಸುಳ್ಳಿರಬೇಕು ಅಂದ್ಕೊಂಡೆ. ಎದ್ದು ಬಂದಿದಾನೆ, ಅವನ ಕಾಲಿಗೆ ಬೀಳೋಣ ಅಂತ ಬಂದೆ."

ಹಿಡಿದು ಬಾರಿಸಬೇಕು ಅನಿಸಿತು. ಕೈ ಎತ್ತಿಕೊಂಡು ಎದ್ದೂ ನಿಂತೆ. ಅಷ್ಟರಲ್ಲಿ ಅತ್ತೆ ಮೊದಲ ಸಲ ಬಾಯಿಬಿಟ್ಟರು.

"ಬಿಚ್ಚುವಾಗ ಅವನಿಗೆ ಎಚ್ಚರ ಆಗಲಿಲ್ವಾ?"

ಆ ಮನುಷ್ಯ ತಲೆ ತಗ್ಗಿಸಿದ. "ಆಯ್ತಮ್ಮ. ಕಣ್ಣು ಬಿಟ್ಟು ನೋಡಿದ."

"ಏನಂದ?"

"ಎಡಗಾಲಿಂದು ಒಂಚೂರು ಎಳೆಯುತ್ತೆ, ನೋಡ್ಕೊಂಡು ನಡಿ ಅಂದ."

ಅತ್ತೆ ಕಣ್ಣು ಮುಚ್ಚಿಕೊಂಡರು. ಅದು ಅವರ ಮಗನೇ. ಇನ್ಯಾರು ಹಾಗೆ ಹೇಳುತ್ತಾರೆ? ನನ್ನ ಎತ್ತಿದ ಕೈ ತಾನಾಗಿ ಇಳಿಯಿತು, ಅಳು ಒತ್ತರಿಸಿ ಬಂತು.

"ಬಿಚ್ಚು," ಅಂದರು ಅತ್ತೆ.

ಅವನು ಬೂಟು ಬಿಚ್ಚಿ ಅವರ ಮುಂದಿಟ್ಟ. ಅತ್ತೆ ಎರಡನ್ನೂ ಮಡಿಲಿಗೆ ಎತ್ತಿಕೊಂಡು, ಸವೆದ ಹಿಮ್ಮಡಿಯ ಮೇಲೆ ಹೆಬ್ಬೆರಳಾಡಿಸಿದರು. ಅವನು ಎದ್ದು, ಬರಿಗಾಲಲ್ಲಿ ಬಾಗಿಲ ಕಡೆ ಹೊರಟ.

"ನಿಲ್ಲು," ಅಂದರು ಅತ್ತೆ. "ನನ್ನ ಮನೆಯಿಂದ ಇನ್ನೊಬ್ಬ ಬರಿಗಾಲಲ್ಲಿ ಇಳಿಯೋದು ಬೇಡ. ಅದನ್ನ ಹಾಕ್ಕೊಂಡು ಹೋಗು."

ಅವರು ಕೈ ತೋರಿಸಿದ್ದು ಬಾಗಿಲ ಪಕ್ಕದ ಜೋಡಿನ ಕಡೆಗೆ. ಮುಟ್ಟಬೇಡ ಎಂದು ನನ್ನ ಕೈಯಿಂದ ಕಿತ್ತುಕೊಂಡ ಅದೇ ಜೋಡು. ಅವನು ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ. ಹಾಕಿಕೊಂಡ. ಅಳತೆ ಸರಿಯಾಗಿತ್ತು.

ಹೊರಗೆ ಹೋಗಿ ಬಾಗಿಲು ಎಳೆದುಕೊಂಡ. ಟಕ್, ಸರಕ್. ಹತ್ತುವ ಸದ್ದಲ್ಲ, ಇಳಿಯುವುದು. ಎರಡೂವರೆ ವರ್ಷದ ಹಿಂದೆ ನಾವಿಬ್ಬರೂ ಕೇಳಿಸಿಕೊಳ್ಳದೆ ಹೋದದ್ದು. ಟಕ್, ಸರಕ್. ಅತ್ತೆ ಒಂದು ಕೈಯಲ್ಲಿ ಬೂಟು ತಬ್ಬಿಕೊಂಡು, ಇನ್ನೊಂದು ಕೈಯಲ್ಲಿ ನನ್ನ ಕೈ ಹಿಡಿದು, ಒಂದೊಂದೇ ಎಣಿಸಿದರು. ಇಪ್ಪತ್ತೆರಡಕ್ಕೆ ಎಣಿಕೆ ನಿಂತಿತು. ಬೀದಿಬಾಗಿಲು ತೆರೆದು ಮುಚ್ಚಿತು.

"ಹೋದ ಕಣೇ," ಅಂದರು.

ಸೆರಗಿನಲ್ಲಿ ಮುಖ ಒರೆಸಿಕೊಂಡು ಹೇಳಿದರು, "ಏಳು, ಚಿಲಕ ಹಾಕ್ಕೊಂಡು ಬಾ."