ಕುರ್ಚಿಯಲ್ಲಿ ಆಡಿದ ಮಾತು

ಹಿತ್ತಲಿನಲ್ಲಿ ಅವಳು ಕುದಿಯುವ ನೀರಿನಿಂದ ಅಂಗಡಿಯ ಟವಲುಗಳನ್ನು ಕೋಲಿನಲ್ಲಿ ಎತ್ತಿ, ಕೈ ಸುಡುತ್ತಿದ್ದರೂ ಒಂದೊಂದಾಗಿ ಹಿಂಡುತ್ತಿದ್ದಾಗ ಮುಂದಿನ ಕೋಣೆಯಿಂದ ಗಂಡನ ದನಿ ಬಂತು. ಬಿಸಿ ಟವಲು ಬೇಕಂತೆ, ಈಗಲೇ. ಮನೆಯ ಮುಂದಿನ ಕೋಣೆಯೇ ಅವನ ಕ್ಷೌರದಂಗಡಿ. ಅಂಗಡಿಗೂ ಅಡುಗೆಮನೆಗೂ ನಡುವೆ ಇದ್ದದ್ದು ಒಂದು ಪರದೆ ಅಷ್ಟೇ. ಬಾಗಿಲು ತೆರೆಯುತ್ತಿದ್ದ ಹಾಗೆ ಬಂದು ಕೂತು ಬಿಸಿ ಟವಲು ಕೇಳುವ ಗಿರಾಕಿ ಒಬ್ಬರೇ. ಗುಡ್ಡದ ಮೇಲಿನ ವಿಶ್ವವಿದ್ಯಾಲಯದ ದೊಡ್ಡ ಪ್ರೊಫೆಸರ್. ಮನೆಯೊಳಗೆ ಅವರಿಗಿದ್ದ ಹೆಸರು ಬಿಳಿಮೀಸೆ.

ಅವಳು ಟವಲು ಮಡಚಿ ತಟ್ಟೆಯಲ್ಲಿಟ್ಟುಕೊಂಡು ಪರದೆಯ ತನಕ ಬಂದಳು. ಆಚೆಯಿಂದ ಬಿಳಿಮೀಸೆಯ ಮಾತು ಕೇಳಿ, ಪರದೆಗೆ ಹೋದ ಕೈ ಅಲ್ಲೇ ನಿಂತಿತು.

"ಇವತ್ತು ಕೊನೇ ದಿನ. ನಿನ್ನ ಮಗಳು ಇನ್ನೂ ಒಪ್ಪಿಗೆ ಕಳಿಸಿಲ್ವಂತೆ. ನಾನು ಬಾಯಿಬಿಟ್ಟು ಹೇಳಿದ್ಮೇಲೆ ಕೊಟ್ಟ ಸೀಟಪ್ಪ ಅದು. ನಾಳೆ ಆ ಅಡ್ಮಿಷನ್ ಕಮಿಟಿಯವರ ಮುಂದೆ ನಾನು ಓಡಾಡಬೇಕಾ ಬೇಡ್ವಾ?"

"ಕಳಿಸ್ತಾಳೆ ಸಾರ್," ಎಂದ ಗಂಡ. ಅವನು ಬ್ರಷ್‌ನಲ್ಲಿ ಎಬ್ಬಿಸುತ್ತಿದ್ದ ನೊರೆಗಿಂತ ಮೆತ್ತಗಿತ್ತು ಆ ದನಿ.

ಅವಳು ಅಂಗಡಿಯೊಳಗೆ ಬಂದು ತಟ್ಟೆ ಚಾಚಿದಳು. ಮಗಳಿಗೆ ಸ್ವಲ್ಪ ಬುದ್ಧಿ ಹೇಳಿ ಎಂದು ಬಿಳಿಮೀಸೆ ಅವಳಿಗೂ ಒಂದು ಮಾತು ಹೇಳಿದರು. ಹೇಳ್ತೀನಿ ಎಂದಳು. ಗಂಡ ಅವರ ಮುಖದ ಮೇಲೆ ಟವಲು ಹೊದಿಸಿದ. ಆ ಮುಚ್ಚಿದ ಮುಖದ ಮೇಲಿಂದ ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿಕೊಂಡರು. ಟವಲಿನ ಕೆಳಗೂ ಎರಡು ಕಿವಿ ಇವೆಯಲ್ಲ ಎಂದು ಅವಳು ತುಟಿ ಕಚ್ಚಿ ಹಿಡಿದು ಹಿತ್ತಲಿಗೆ ಹೋದಳು. ಉಳಿದ ಟವಲುಗಳನ್ನು ಎಷ್ಟು ಬಿಗಿಯಾಗಿ ಹಿಂಡಿದಳೆಂದರೆ ಒಂದರ ಅಂಚು ಹರಿದೇಹೋಯಿತು.

ಮಗಳಿಗೆ ಎರಡು ಕಡೆ ಸೀಟು ಸಿಕ್ಕಿತ್ತು. ಸಾವಿರಾರು ಮಂದಿ ಬಾಗಿಲು ತಟ್ಟಿದರೆ ಬೆರಳೆಣಿಕೆಯಷ್ಟು ಮಕ್ಕಳನ್ನು ಒಳಗೆ ಬಿಟ್ಟುಕೊಳ್ಳುವ ಖಾಸಗಿ ವಿಶ್ವವಿದ್ಯಾಲಯಗಳು ಅವು. ಒಂದು ಗುಡ್ಡದ ಮೇಲೆ, ಇನ್ನೊಂದು ದೂರದ ಹೊಳೆಯ ದಂಡೆಯಲ್ಲಿ. ಮನೆಯ ಮಾತಿನಲ್ಲಿ ಗುಡ್ಡ ಮತ್ತು ಹೊಳೆ. ಎರಡೂ ಕಡೆ ಫೀಸು ಮನ್ನಾ. ಅಂದಿನಿಂದ ಗಂಡ ಗುಡ್ಡದ ಜಪ ಹಿಡಿದಿದ್ದ. ಹತ್ತಿರ, ಹೆಸರು ದೊಡ್ಡದು, ಕಣ್ಣ ಮುಂದೆ ಇರುತ್ತಾಳೆ. ಮಗಳು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಆಗಾಗ "ಅಪ್ಪಾ" ಎಂದು ಶುರು ಮಾಡಿ, ಅವನು ತಿರುಗಿ ನೋಡಿದ ಕೂಡಲೇ ಬಾಚಣಿಗೆ ಎಲ್ಲಿ, ಚಾರ್ಜರ್ ಎಲ್ಲಿ ಎಂದು ಏನೋ ಕೇಳಿ ಎದ್ದುಹೋಗುತ್ತಿದ್ದಳು. ಸಿಕ್ಕಿದ್ದು ಹೆಚ್ಚಾಗಿ ಹೀಗಾಡ್ತೀಯ ಎಂದು ತಾಯಿಯೂ ಒಮ್ಮೆ ರೇಗಿದ್ದಳು.

ಈಗ ಸಂದರ್ಶನದ ದಿನಗಳು ನೆನಪಾದವು. ಹೊಳೆಯಲ್ಲಿ ಮೂವರು ಸೇರಿ ಮಗಳ ಬೆವರಿಳಿಸಿದ್ದರು. ಗಂಟಲು ಕಟ್ಟಿಕೊಂಡು ಹೊರಬಂದ ಹುಡುಗಿ ಬಸ್ಸಿನ ದಾರಿಯುದ್ದಕ್ಕೂ ಬಾಯಿ ಮುಚ್ಚಿರಲಿಲ್ಲ. ಅವರು ಹೀಗೆ ಕೇಳಿದರು, ನಾನು ಹೀಗೆ ಅಂದೆ, ಅವರು ಒಪ್ಪಲಿಲ್ಲ, ನಾನೂ ಬಿಡಲಿಲ್ಲ. ಗುಡ್ಡದಲ್ಲಿ ಹೋದ ಕಾಲಲ್ಲೇ ಹೊರಬಂದಿದ್ದಳು. ನೀವು ನಮ್ಮ ಪ್ರೊಫೆಸರ್ ಕಡೆಯವರಲ್ವಾ ಎಂದು ನಕ್ಕು, ಚಹಾ ಕೊಟ್ಟು ಕಳಿಸಿದರಂತೆ. ಶುಭಸೂಚನೆ ಅಂದುಕೊಂಡು ತಾನೂ ಹಿಗ್ಗಿದ್ದನ್ನು ನೆನೆದರೆ ಮೈಯೆಲ್ಲ ಉರಿಯಿತು.

ಬಿಳಿಮೀಸೆ ಹೊರಟ ಮೇಲೆ ಅವಳೇ ಬಂದು ಶಟರನ್ನು ಅರ್ಧ ಎಳೆದಳು. ಯಾವಾಗ ಕೇಳಿದ್ದು ಎಂದಳು. ಅವನು ರೇಜರ್ ಒರೆಸುತ್ತ ತಲೆ ಎತ್ತಲಿಲ್ಲ. ಪರೀಕ್ಷೆ ಮುಗಿದ ಮೇಲೆ, ಒಂದೇ ಒಂದು ಮಾತು, ನಮ್ಮ ಹುಡುಗಿ ಹೆಸರು ಬಂದರೆ ಸ್ವಲ್ಪ ನೋಡಿ ಸಾರ್ ಅಂದೆ ಎಂದ.

"ಕತ್ತಿ ಕುತ್ತಿಗೆ ಮೇಲಿತ್ತಾ ಕೇಳುವಾಗ?"

"ಇಲ್ಲ. ಗಲ್ಲದ ಹತ್ರ ಇತ್ತು."

ಬೇರೆ ದಿನವಾಗಿದ್ದರೆ ಅವಳು ನಗುತ್ತಿದ್ದಳು. ನನಗೆ ಒಂದು ಮಾತು ಹೇಳಬೇಕು ಅನ್ನಿಸಲಿಲ್ವಾ, ಮಗಳು ನಿದ್ದೆಗೆಟ್ಟು ಓದಿದ್ದು ನಿಮ್ಮ ಕಣ್ಣಿಗೆ ಬೀಳಲಿಲ್ವಾ ಎಂದು ಒಂದೇ ಉಸಿರಿನಲ್ಲಿ ಕೇಳುತ್ತಾ ಹೋದಳು. ಅವನು ರೇಜರನ್ನು ಕೆಳಗಿಟ್ಟ.

"ಬೇರೆಯವರು ದೊಡ್ಡ ದೊಡ್ಡವರ ಕೈಲಿ ಫೋನ್ ಮಾಡಿಸ್ತಾರೆ ಕಣೇ. ನನ್ನ ಹತ್ರ ಏನಿದೆ? ಈ ಕುರ್ಚಿ ಇದೆ. ಇದರಲ್ಲಿ ಕೂತವರ ಹತ್ರ ಕೇಳ್ದೆ."

ಆ ಮಾತಿಗೆ ಸಿಟ್ಟು ಇಳಿಯಬೇಕಿತ್ತು. ಅದು ನಿಜವಾಗಿದ್ದದ್ದರಿಂದಲೋ ಏನೋ, ಇನ್ನಷ್ಟು ಏರಿತು.

"ಹಾಗಾದ್ರೆ ಅವಳು ಓದಿದ್ದಕ್ಕೆ ಕೊಟ್ಟಿದ್ದಲ್ಲ?"

"ಓದಿದ್ದಕ್ಕೂ ಕೊಟ್ಟಿರ್ತಾರೆ."

"ಕೊಟ್ಟಿರ್ತಾರೆ," ಎಂದಳು ಅವಳು, ಬಾಯಿಗೆ ಬಂದ ಕಲ್ಲನ್ನು ಉಗಿದ ಹಾಗೆ.

ಆಮೇಲೆ ದನಿ ತಗ್ಗಿಸಿದಳು. ಈ ವಿಷಯ ಮಗಳ ಕಿವಿಗೆ ಬಿದ್ದರೆ ತಾನು ಸುಮ್ಮನಿರುವವಳಲ್ಲ. ಅವಳು ಹೊಳೆಗೇ ಹೋಗಲಿ. ಬಿಳಿಮೀಸೆಗೆ ಏನು ಸಮಜಾಯಿಷಿ ಕೊಡಬೇಕೋ ನೀವೇ ಕೊಟ್ಟುಕೊಳ್ಳಿ. ಅವರು ಇನ್ನು ಈ ಕಡೆ ತಲೆ ಹಾಕಲ್ಲ ಎಂದು ಅವನು ಗೊಣಗಿದ. ಮೀಸೆ ತಾವೇ ಕತ್ತರಿಸಿಕೊಳ್ಳಲಿ ಎಂದಳು.

ಪರದೆ ಸರಿಯಿತು. ಅರ್ಧ ಜಡೆ ಹೆಣೆದು ಉಳಿದ ಕೂದಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಮಗಳು ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಅವಳು ಏನಾದರೂ ಹೇಳಲಿ ಎಂದು ಕಾಯುವ ಧೈರ್ಯ ತಾಯಿಗಾಗಲಿಲ್ಲ. ಹಾಲು ಉಕ್ಕುತ್ತಿದೆಯಾ ನೋಡು ಹೋಗು ಎಂದಳು. ಒಲೆಯ ಮೇಲೆ ಹಾಲಿರಲಿಲ್ಲ.

ಮಗಳು ಕದಲಲಿಲ್ಲ.

"ಗುಡ್ಡದ್ದು ನಂಗೆ ಅವತ್ತೇ ಗೊತ್ತಾಯ್ತಮ್ಮ, ಇಂಟರ್‌ವ್ಯೂನಲ್ಲಿ ಅವರು ನಕ್ಕಾಗಲೇ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ತಾಯಿಗೆ ಭಯವಾಯಿತು. ಮಗಳು ಅಪ್ಪನ ಕಡೆ ತಿರುಗಿದಳು. ಈ ಸಲ ಬಾಚಣಿಗೆ ಕೇಳಲಿಲ್ಲ.

"ಅಪ್ಪಾ, ಹೊಳೆಯವರ ಹತ್ರಾನೂ ನೀನು ಮಾತಾಡಿದ್ದೀಯಾ?"