ಎಂಬತ್ತನಾಲ್ಕನೇ ತೂತು

ನಮ್ಮ ಸಂಘದ ಹೆಸರು ‘ಹಳೇ ಕಬ್ಬಿಣದ ಗೆಳೆಯರು’. ಕಿವಾನಿ ಊರಿನ ಮೂವತ್ತೊಂದು ಮಂದಿ ಸದಸ್ಯರು. ಎಲ್ಲರೂ ನಿವೃತ್ತರು, ಎಲ್ಲರಿಗೂ ಮಂಡಿನೋವು. ನಮ್ಮ ಶೆಡ್ಡುಗಳಲ್ಲಿ ಒಟ್ಟು ಎಂಬತ್ತಾರು ಹಳೆಯ ಡ್ರಿಲ್ ಯಂತ್ರಗಳಿವೆ. ತುಕ್ಕು ಉಜ್ಜಿ, ಬಣ್ಣ ಬಳಿದು, ಹೆಂಡತಿಯ ಹಳೇ ಹೊದಿಕೆ ಹೊದಿಸಿ ಸಾಕುತ್ತೇವೆ. ಕಳೆದ ವರ್ಷ ಅವುಗಳಿಂದ ಕೊರೆದ ತೂತುಗಳು ಸೊನ್ನೆ. ಕಾರ್ಯದರ್ಶಿ ನಾನೇ ಆದ್ದರಿಂದ ಇದನ್ನು ಧೈರ್ಯವಾಗಿ ಹೇಳಬಲ್ಲೆ.

ಎಲ್ರಾಯ್ ಡುಫೆಕ್ ಮಾತ್ರ ಸಂಘಕ್ಕೆ ಸೇರಿರಲಿಲ್ಲ. ಅವನಲ್ಲೂ ಅಂಥದೇ ಯಂತ್ರವಿತ್ತು, ಅಪ್ಪನ ಕಾಲದ್ದು. ಆದರೆ ಅವನು ಅದರಿಂದ ಕೆಲಸ ಮಾಡುತ್ತಿದ್ದ. ಅದನ್ನು ನಾವು ಕ್ಷಮಿಸಿರಲಿಲ್ಲ.

ಎಲ್ರಾಯ್ ಫೆಬ್ರವರಿಯಲ್ಲಿ ತೀರಿಕೊಂಡ. ಏಪ್ರಿಲ್‌ನ ಒಂದು ಮಂಗಳವಾರ ಅವನ ಹೆಂಡತಿ ಲವರ್ನ್ ನಮ್ಮ ಸಭೆಗೆ ಬಂದಳು. ಒಂದು ಕೈಯಲ್ಲಿ ಗಸಗಸೆ ತುಂಬಿದ ಕೊಲಾಚೆ ಬನ್ನುಗಳ ತಟ್ಟೆ, ಇನ್ನೊಂದರಲ್ಲಿ ಮೇಪಲ್ ಮರದ ಹಲಗೆ. ಕ್ರಿಬೇಜ್ ಎಂಬ ಇಸ್ಪೀಟಾಟ ಆಡುವಾಗ ಗೂಟ ಚುಚ್ಚಿ ಅಂಕ ಗುರುತಿಡುವ ಹಲಗೆ ಅದು. ಆಟಗಾರನಿಗೊಂದು ಸಾಲು, ಸಾಲಿಗೆ ನೂರಿಪ್ಪತ್ತು ತೂತು ಬೇಕು. ಎಲ್ರಾಯ್ ಒಂದು ಸಾಲು ಮುಗಿಸಿ, ಎರಡನೆಯದರಲ್ಲಿ ಎಂಬತ್ತಮೂರಕ್ಕೆ ನಿಲ್ಲಿಸಿದ್ದ.

“ಶನಿವಾರ ಚರ್ಚಿನ ಹಾಲ್‌ನಲ್ಲಿ ಅವನ ಹೆಸರಲ್ಲಿ ಇಸ್ಪೀಟಿನ ಪಂದ್ಯ ಇಟ್ಟಿದ್ದಾರೆ. ಈ ಹಲಗೆ ಮೇಲೇ ಆಡ್ಬೇಕು. ಅವನ ಯಂತ್ರದಲ್ಲೇ ಮುಗೀಬೇಕು, ಬೇರೇದರಲ್ಲಿ ಬೇಡ,” ಎಂದಳು. ಆದರೆ ತೂತು ಕೊರೆಯುವ ಬಿಟ್ ಮುರಿದು, ಅದನ್ನು ಹಿಡಿದಿಡುವ ಚಕ್ಕಿನೊಳಗೇ ಉಳಿದಿತ್ತು. ಅದನ್ನು ಕಚ್ಚಿ ಹಿಡಿದ ದವಡೆಯನ್ನು ತಿರುಗಿಸಿ ಬಿಚ್ಚುವ ಹಲ್ಲಿನ ಕೀ ಇರಲಿಲ್ಲ.

“ಕೀ ಎಲ್ಲಿ ಕಳ್ಕೊಂಡೆ?” ಎಂದ ನಮ್ಮ ಅಧ್ಯಕ್ಷ ಆರ್ವಿಲ್.

“ಕಳೀಲಿಲ್ಲ. ನಾನೇ ಅವನ ಕೋಟಿನ ಜೇಬಿಗೆ ಹಾಕಿ ಮಣ್ಣು ಮಾಡ್ದೆ. ನಲವತ್ತು ವರ್ಷ ‘ಲವರ್ನ್, ಕೀ ನೋಡಿದ್ಯಾ, ಕೀ ನೋಡಿದ್ಯಾ’ ಅಂತ ನನ್ನ ಪ್ರಾಣ ತಿಂದಿದ್ದ. ಅಲ್ಲಾದ್ರೂ ನೆಮ್ಮದಿಯಾಗಿರ್ಲಿ ಅಂತ.”

ಆರ್ವಿಲ್ ಟೋಪಿ ತೆಗೆದ. ಸತ್ತವನಿಗೆ ಗೌರವ ಎಂದುಕೊಂಡೆ.

“ಒರಿಜಿನಲ್ ಕೀನಾ?” ಎಂದ. “ಅಯ್ಯಯ್ಯೋ, ಅದಕ್ಕೆ ತೇವ ತಗಲುತ್ತಲ್ಲೇ! ಸಮಾಧಿ ಎಷ್ಟನೇ ಸಾಲಲ್ಲಿದೆ?”

“ಗುದ್ದಲಿ ಹಿಡ್ಕೊಂಡು ಆ ಕಡೆ ಬಂದು ನೋಡು, ನಿನ್ನನ್ನೂ ಅವನ ಪಕ್ಕದಲ್ಲೇ ಮಲಗಿಸ್ತೀನಿ,” ಎಂದಳು ಲವರ್ನ್.

ಬುಧವಾರ ಹನ್ನೊಂದು ಜನ ಅವಳ ಶೆಡ್ಡಿಗೆ ಹೋದೆವು, ಕಾಫಿ ಡಬ್ಬಗಳ ತುಂಬ ಕೀ ಹೊತ್ತುಕೊಂಡು. ಒಂದರ ತುದಿಯ ಮೊಳೆ ದಪ್ಪ, ಚಕ್ಕಿನ ತೂತಿಗೆ ಇಳಿಯದು. ಇನ್ನೊಂದರ ಮೊಳೆ ಇಳಿದರೂ ಹಲ್ಲು ಕೂಡದು. ಅಂಗಡಿಯವನು ಯಾವ ಚಕ್ಕಿಗಾದರೂ ಆಗುತ್ತದೆಂದು ಲವರ್ನ್‌ಗೆ ಮಾರಿದ್ದ ನಾಲ್ಕು ಮೂತಿಯ ಕೀ ನಾಲ್ಕು ಕಡೆಯಿಂದಲೂ ಸೋತಿತು. ಆಮೇಲೆ ಯಂತ್ರದ ಮೂಲ ಬಣ್ಣ ಬೂದಿಯೋ ಹಸಿರೋ ಎಂದು ಮೂರು ತಾಸು ಜಗಳವಾಡಿದೆವು.

“ಪೈಪ್ ರೆಂಚ್ ಕೊಡ್ರೋ ಇಲ್ಲಿ, ತಿರುಚಿ ಬಿಚ್ಚಿಬಿಡ್ತೀನಿ,” ಎಂದಳು ಲವರ್ನ್. ನಮ್ಮಲ್ಲೊಬ್ಬ ಎದೆ ಹಿಡಿದುಕೊಂಡು ಕುಳಿತುಬಿಟ್ಟ.

ನನಗೆ ಒಂದು ವಿಷಯ ಗೊತ್ತಿತ್ತು. ಆ ಚಕ್ಕಿನ ಮೇಲಿದ್ದ ನಂಬರಿನದೇ ಕೀ ಆರ್ವಿಲ್‌ನ ಮನೆಯ ಗಾಜಿನ ಪೆಟ್ಟಿಗೆಯಲ್ಲಿದೆ. ಅದರ ಕೆಳಗಿನ ಚೀಟಿ ಬರೆದವನೇ ನಾನು. ಅಧ್ಯಕ್ಷನ ಮುಖ ನೋಡಿ ಎರಡು ದಿನ ಬಾಯಿಮುಚ್ಚಿಕೊಂಡಿದ್ದೆ. ಅದಕ್ಕೆ ಈಗಲೂ ನಾಚಿಕೆಯಾಗುತ್ತದೆ. ಗುರುವಾರ ತಡೆಯಲಾರದೆ ಲವರ್ನ್‌ಳನ್ನು ಕರೆದುಕೊಂಡು ಅಲ್ಲಿಗೇ ಹೋದೆ.

ಆರ್ವಿಲ್ ಪೆಟ್ಟಿಗೆಗೆ ಅಡ್ಡ ನಿಂತ. “ಇದು ಒಂದ್ಸಲನೂ ಬಳಸದ ಕೀ, ಲವರ್ನ್. ಕಾರ್ಖಾನೆ ಗ್ರೀಸು ಇನ್ನೂ ಹಾಗೇ ಇದೆ. ತಿರುಗಿಸಿದ್ರೆ ಹಲ್ಲು ಸವೆಯುತ್ತೆ. ಸವೆದ್ರೆ ಆಮೇಲೆ ಇದು ಬರೀ ಕೀ ಆಗ್ಬಿಡುತ್ತೆ!”

ಲವರ್ನ್ ನಕ್ಕಳು, ಆಮೇಲೆ ನಗಲಿಲ್ಲ. “ನನ್ನ ಗಂಡ ಸತ್ತಿದ್ದಾನೆ ಆರ್ವಿಲ್. ನಿನ್ನ ಕೀ ಇನ್ನೂ ಹುಟ್ಟೇ ಇಲ್ಲ. ಇಬ್ಬರಿಗೂ ಸೇರಿಸಿ ಅಳೋದಕ್ಕೆ ನನ್ನ ಹತ್ರ ಕಣ್ಣೀರಿಲ್ಲ. ತೆಗಿ.”

ಅವನು ತೆಗೆದ.

ಶುಕ್ರವಾರ ಬೆಳಿಗ್ಗೆ ಚಕ್ಕಿಗೆ ಸೀಮೆಎಣ್ಣೆ ಕುಡಿಸಿ ಒಂದು ತಾಸು ಬಿಟ್ಟೆವು. ಆರ್ವಿಲ್ ಕಣ್ಣು ಮುಚ್ಚಿಕೊಂಡು ಕೀ ಇಟ್ಟು, ಮೂರು ತೂತಿಗೂ ಸರದಿಯಂತೆ ಹಾಕಿ ತಿರುಗಿಸಿದ. ಲಟಕ್ಕೆಂದಿತು. ದವಡೆ ಬಿಟ್ಟಿತು, ಮುರಿದ ಬಿಟ್ ಕೆಳಗೆ ಬಿತ್ತು. ಹಳೇ ಗ್ರೀಸಿನಲ್ಲಿ ಕಲಸಿ ಗಟ್ಟಿಯಾಗಿದ್ದ ಮರದ ಪುಡಿಯನ್ನು ಬ್ರಷ್ಷಿನಿಂದ ಕೆರೆದು, ನಾಲ್ಕು ಹನಿ ತೆಳು ಎಣ್ಣೆ ಬಿಟ್ಟ ಮೇಲೆ ಚಕ್ಕು ಬೆರಳಿನಲ್ಲೇ ತಿರುಗತೊಡಗಿತು. ನಾವು ಚಪ್ಪಾಳೆ ತಟ್ಟಿದೆವು, ಖಾಲಿ ಚಕ್ಕಿನ ಫೋಟೋ ತೆಗೆದೆವು, ಟೋಪಿ ಹಾಕಿಕೊಂಡು ಹೊರಟೆವು.

“ಎಲ್ಲಿಗೆ?” ಎಂದಳು ಲವರ್ನ್. ಹೊಸ ಬಿಟ್ ಕೂರಿಸಿ ಹಲಗೆ ಮುಂದಿಟ್ಟಿದ್ದಳು. “ಯಂತ್ರದವರು ನೀವಲ್ವಾ? ಕೊರೀರಿ.”

ಹನ್ನೊಂದು ಜನರೂ ಸೂರು ನೋಡಿದೆವು. ಕೊನೆಗೆ ಅಧ್ಯಕ್ಷನೇ ಮುಂದೆ ಬರಬೇಕಾಯಿತು. ಹಲಗೆಯನ್ನು ಬಿಗಿಯಾಗಿ ಹಿಡಿಯದೆ ಹಿಡಿಕೆಯನ್ನು ಒಮ್ಮೆಲೇ ಎಳೆದ. ಹಲಗೆ ಜಿಗಿಯಿತು. ಎಂಬತ್ತನಾಲ್ಕನೇ ತೂತು ಸಾಲು ಬಿಟ್ಟು ಪಕ್ಕಕ್ಕೆ ಹೋಯಿತು, ಅದೂ ಓರೆಯಾಗಿ.

ಲವರ್ನ್ ಅವನನ್ನು ಸೊಂಟದಿಂದ ಪಕ್ಕಕ್ಕೆ ತಳ್ಳಿ ತಾನೇ ನಿಂತಳು. ನಲವತ್ತು ವರ್ಷ ನೋಡಿದ ಕೆಲಸ. ಉಳಿದ ತೂತುಗಳನ್ನೆಲ್ಲ ಊಟದ ಹೊತ್ತಿಗೆ ಮುಗಿಸಿದಳು, ಎಲ್ಲವೂ ನೂಲು ಹಿಡಿದಷ್ಟು ನೆಟ್ಟಗೆ.

“ಆ ಒಂದಕ್ಕೆ ಬೆಣೆ ಬಡಿದು ಮತ್ತೆ ಕೊರೆಯೋಣ, ಗೊತ್ತೇ ಆಗಲ್ಲ,” ಎಂದೆ ನಾನು.

ಅವಳು ಬೆರಳಿನಿಂದ ಸಾಲನ್ನು ಸವರುತ್ತ ಬಂದು ಅಲ್ಲಿ ನಿಲ್ಲಿಸಿದಳು. “ಬೇಡ ಲೈಲ್. ಅವನು ಎಲ್ಲಿಗೆ ನಿಲ್ಲಿಸಿದ ಅಂತ ಗೊತ್ತಾಗ್ಲಿ.”

ಶನಿವಾರ ಮೊದಲ ಆಟಕ್ಕೆ ಅವಳೆದುರು ಕುಳಿತವನು ಆರ್ವಿಲ್. ಚೆನ್ನಾಗಿಯೇ ಆಡಿ, ಆ ಸಾಲಿನಲ್ಲೇ ಎಣಿಸಿಕೊಂಡು ಬಂದು ಎಂಬತ್ತನಾಲ್ಕಕ್ಕೇ ಬಿದ್ದ. ಗೂಟ ಇಳಿಯಲಿಲ್ಲ. ವಾಲಿಸಿದ, ತಿರುಗಿಸಿದ, ಒತ್ತಿದ, ಕಿವಿ ಕೆಂಪಾಯಿತು. ಹಾಲ್ ಪೂರ್ತಿ ಕಾಯುತ್ತಿತ್ತು.

“ನಿಧಾನಕ್ಕೆ ಮಾಡು,” ಎಂದಳು ಲವರ್ನ್. “ಇಲ್ಲಿ ಸ್ವಲ್ಪ ಹೊತ್ತು ಇರೋಣ.”